ಗಾಳಿ ಎಲ್ಲಿಂದ ಹೋಗುತ್ತಿದೆ? ಪಂಪ್ ಒಳಗೇ ಇರುವ ಏರ್ ರೈಫಲ್‌ನ ದೋಷ ಹುಡುಕುವ ಬಗೆ

ಕಳೆದ ಆಷಾಢದಲ್ಲಿ ಮಂಗಳೂರಿನ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ನಿನ್ನೆ ರಾತ್ರಿ ಪಂಪ್ ಹೊಡೆದಾಗ ಗೇಜ್ 200 ಬಾರ್ ತೋರಿಸ್ತಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ 190. ಸೀಲ್ ಹೋಗಿದೆ ಅನ್ಸುತ್ತೆ, ಬಿಚ್ಚಿಬಿಡ್ಲಾ?"

"200 ಅಂತ ನೋಡಿದ್ದು ಪಂಪ್ ನಿಲ್ಲಿಸಿದ ಕೂಡಲೇನಾ?"

"ಹೌದು."

"ಹಾಗಾದ್ರೆ ಬಿಚ್ಚಬೇಡ ಮಾರಾಯ. ಇವತ್ತು ರಾತ್ರಿ ಒಮ್ಮೆ ನೋಡು, ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡು."

ಎರಡು ಸಲವೂ ಮುಳ್ಳು 190 ಬಾರ್‌ನಲ್ಲೇ (ಬಾರ್ ಅಂದರೆ ಒತ್ತಡದ ಅಳತೆ) ನಿಂತಿತ್ತು. ಅಲ್ಲಿ ಸೋರಿಕೆಯೇ ಇರಲಿಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆಲ್ಲ ಗೊತ್ತಿರುವ ವಿಷಯ. ಪಂಪ್ ನಿಲ್ಲಿಸಿದಾಗ, ಗಾಳಿ ತುಂಬಿಡುವ ಟ್ಯೂಬಿನೊಳಗಿನ ಗಾಳಿ 45 ಡಿಗ್ರಿ ಇದ್ದು, ರಾತ್ರಿ ಕಳೆಯುವಷ್ಟರಲ್ಲಿ 28ಕ್ಕೆ ಇಳಿದರೆ, ಒಂದು ಹನಿ ಗಾಳಿಯೂ ಹೊರಗೆ ಹೋಗದೆ 200 ಬಾರ್ ಇದ್ದದ್ದು 189ರ ಆಸುಪಾಸಿಗೆ ಬರುತ್ತದೆ. ಆ ಹುಡುಗ ಅಂದು ಬಿಚ್ಚಿದ್ದರೆ ಚೆನ್ನಾಗಿದ್ದ ಸೀಲುಗಳನ್ನು ಗೀರಿ, ನಿಜವಾದ ಸೋರಿಕೆಯೊಂದನ್ನು ತಾನೇ ತಂದುಕೊಳ್ಳುತ್ತಿದ್ದ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಥ ರೈಫಲ್‌ನಲ್ಲಿ ಗಾಳಿ ಹೊರಗೆ ಹೋಗಲು ಇರುವ ದಾರಿಗಳು ನಾಲ್ಕೋ ಐದೋ ಅಷ್ಟೆ. ಪ್ರತಿ ದಾರಿಗೂ ಅದರದೇ ಗುರುತು ಇದೆ. ಆ ಗುರುತು ಸಿಗುವ ತನಕ ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಳ್ಳಬೇಡಿ.

ಮೊದಲು ನಿಮ್ಮದು ಯಾವ ಜಾತಿ ನೋಡಿ

ಪಂಪ್ ಒಳಗೇ ಇರುವ ರೈಫಲ್‌ಗಳು ಮೂರು ಬಗೆ. ಒಂದಕ್ಕೆ ಸರಿಯಾದ ಮದ್ದು ಇನ್ನೊಂದಕ್ಕೆ ಕೇಡು ಮಾಡುತ್ತದೆ.

ಸಿಂಗಲ್ ಸ್ಟ್ರೋಕ್‌ನಲ್ಲಿ ಲಿವರನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಈಡಿಗೆ ಬೇಕಾದ ಗಾಳಿ ಸಿದ್ಧ. 10 ಮೀಟರ್ ಸ್ಪರ್ಧೆಗೆಂದು ಮಾಡಿದ ಹಳೆಯ ಫೈನ್‌ವೆರ್ಕ್‌ಬೌ 600 ಸಾಲಿನವು, ಪಕ್ಕದ ಲಿವರಿನ ಆನ್ಶುಟ್ಸ್ 2002 ಈ ಬಗೆಯವು. ಇವುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ನಿನ ಸೀಲೇ ಗಾಳಿಯನ್ನು ಹಿಡಿದಿಡುವ ಗೋಡೆ. ಹಾಗಾಗಿ ಗಾಳಿ ತುಂಬಿಸಿ ಗಂಟೆಗಟ್ಟಲೆ ಇಡಬಾರದು. ಸೀಲ್ ಒತ್ತಿಕೊಂಡು ಆಕಾರ ಕೆಡುತ್ತದೆ.

ಮಲ್ಟಿ ಪಂಪ್‌ನಲ್ಲಿ ಪ್ರತಿ ಈಡಿಗೂ ಮೂರರಿಂದ ಎಂಟು ಹತ್ತು ಸಲ ಪಂಪ್ ಹೊಡೆಯಬೇಕು, ಹೊಡೆದಷ್ಟು ವೇಗ. ಅಮೆರಿಕದ ಬೆಂಜಮಿನ್ 392ಕ್ಕೆ ಮಿತಿ 8, ಕ್ರಾಸ್‌ಮನ್ 2100ಕ್ಕೆ 10. ಇವನ್ನು ಎತ್ತಿಡುವಾಗ ಒಂದು ಪಂಪ್ ಗಾಳಿ ಒಳಗೆ ಇರಲಿ ಅನ್ನುವುದು ರೂಢಿ. ವಾಲ್ವ್ ಒತ್ತಿಕೊಂಡೇ ಇರುವುದರಿಂದ ಧೂಳು ಒಳಗೆ ಕೂರುವುದಿಲ್ಲ. ಸಿಂಗಲ್ ಸ್ಟ್ರೋಕಿಗೆ ಹೇಳಿದ್ದಕ್ಕೆ ಇದು ನೇರ ವಿರುದ್ಧ, ಗಮನಿಸಿ.

ಮೂರನೆಯದು ಪಿಸಿಪಿ, ಅಂದರೆ ಹಲವು ಈಡಿನ ಗಾಳಿಯನ್ನು ಮೊದಲೇ ತುಂಬಿಟ್ಟುಕೊಳ್ಳುವ ರೈಫಲ್‌ಗೆ ಪಂಪನ್ನೂ ಸೇರಿಸಿದ್ದು. ದೊಡ್ಡ ಟ್ಯೂಬಿನಲ್ಲಿ 200 ಬಾರಿನಷ್ಟು ಗಾಳಿ ಇರುತ್ತದೆ, ಹೊಡೆದ ಈಡಿಗೆ ತಕ್ಕಂತೆ ಮೂರು ನಾಲ್ಕು ಸಲ ಪಂಪ್ ಹೊಡೆದು ಸರಿದೂಗಿಸುತ್ತೀರಿ. ಸ್ವೀಡನ್ನಿನ ಎಫ್‌ಎಕ್ಸ್ ಇಂಡಿಪೆಂಡೆನ್ಸ್ ಇದರ ಹೆಸರಾದ ಮಾದರಿ. ಇದನ್ನು ಖಾಲಿಯಿಂದ ಆ ಪುಟ್ಟ ಲಿವರಿನಲ್ಲೇ ತುಂಬಿಸಲು ಹೋಗಿ ತೋಳನ್ನೂ ಸೀಲನ್ನೂ ಸುಡಬೇಡಿ. ಹೊರಗಿನಿಂದ ತುಂಬಿಸುವ ಬಾಯಿ ಇದ್ದರೆ ನೆಲದ ಮೇಲಿಡುವ ಪಂಪಿನಿಂದ ತುಂಬಿಸಿ. ಒಳಗಿನ ಪಂಪ್ ಇರುವುದು ಮೇಲಿಂದ ಮೇಲೆ ಸ್ವಲ್ಪ ಸೇರಿಸಲಿಕ್ಕೆ.

ಕೈ ಹಾಕುವ ಮುನ್ನ

ಪೆಲೆಟ್, ಅಂದರೆ ಹೊಡೆಯುವ ಸೀಸದ ಗುಂಡು, ಒಳಗಿಲ್ಲ ಎಂದು ಕಣ್ಣಾರೆ ನೋಡಿ. ನಳಿಗೆ ಯಾವ ಕಡೆ ತಿರುಗಿದೆ ಎನ್ನುವುದು ಇಡೀ ಹೊತ್ತು ನಿಮ್ಮ ಗಮನದಲ್ಲಿರಲಿ. ಕೆಳಗೆ ಹೇಳುವ ಪರೀಕ್ಷೆಗಳೆಲ್ಲ ಸ್ಕ್ರೂ ತಿರುಗಿಸದೆ ಮಾಡುವಂಥವು. ಬಿಚ್ಚಲೇಬೇಕು ಎಂದಾದರೆ ಗಾಳಿ ಪೂರ್ತಿ ಖಾಲಿಯಾಗಿರಲೇಬೇಕು. ಗೇಜ್ ಸೊನ್ನೆ ತೋರಿಸಿದರೂ ಸಾಲದು, ಸಣ್ಣ ಗೇಜುಗಳ ಮುಳ್ಳು ಸಿಕ್ಕಿಕೊಳ್ಳುವುದುಂಟು. 200 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂಗೂ ಮಿಕ್ಕಿದ ಒತ್ತಡ. ಆ ಒತ್ತಡದಲ್ಲಿ ಸಡಿಲವಾದ ಮುಚ್ಚಳ ಗುಂಡಿನಂತೆಯೇ ಹಾರುತ್ತದೆ. ಲಿವರನ್ನು ಅರ್ಧಕ್ಕೆ ಬಿಡುವುದೂ ಅಷ್ಟೇ ಅಪಾಯ, ಮುಖ್ಯವಾಗಿ ಸಿಂಗಲ್ ಸ್ಟ್ರೋಕ್‌ನಲ್ಲಿ. ಹಿಂದಕ್ಕೆ ಬಡಿದರೆ ಬೆರಳ ಮೂಳೆ ಉಳಿಯುವುದಿಲ್ಲ.

ಗಾಳಿ ತುಂಬುತ್ತಲೇ ಇಲ್ಲ

ಲಿವರ್ ಹಗುರವಾಗಿ, ಯಾವ ತಡೆಯೂ ಇಲ್ಲದೆ ಬಂದು ಮುಚ್ಚಿದರೆ ಗಾಳಿ ಪಂಪಿನೊಳಗೇ ಪಿಸ್ಟನ್ ಪಕ್ಕದಿಂದ ನುಸುಳುತ್ತಿದೆ. ಪಿಸ್ಟನ್ನಿನ ಕಪ್ ಅಥವಾ ಓ ರಿಂಗ್ (ಗಾಳಿ ತಡೆಯುವ ರಬ್ಬರಿನ ಬಳೆ) ಒಣಗಿರಬಹುದು, ಹರಿದಿರಬಹುದು. ಸೈಕಲ್ ಪಂಪಿನ ಚರ್ಮದ ವಾಷರ್ ಒಣಗಿದರೆ ನಮ್ಮ ಅಜ್ಜಂದಿರು ಎಣ್ಣೆ ಹಾಕಿ ಅರಳಿಸುತ್ತಿದ್ದರಲ್ಲ, ಅದೇ ಸಂಗತಿ. 1780ರ ಹೊತ್ತಿಗೆ ಆಸ್ಟ್ರಿಯಾ ಸೇನೆಗೆ ಬಂದ ಜಿರಾಂಡೋನಿ ಗಾಳಿ ಬಂದೂಕಿನ ಚರ್ಮದ ಸೀಲುಗಳನ್ನೂ ಒದ್ದೆಯಾಗಿಯೇ ಇಟ್ಟುಕೊಳ್ಳಬೇಕಿತ್ತು, ಇಲ್ಲದಿದ್ದರೆ ಗಾಳಿ ನಿಲ್ಲುತ್ತಿರಲಿಲ್ಲ. ಬಿಚ್ಚುವ ಮೊದಲು ಆ ಬಗೆಯ ರೈಫಲ್‌ಗೆ ತಯಾರಕರು ಹೇಳಿದ ಎಣ್ಣೆಯನ್ನೋ ಗ್ರೀಸನ್ನೋ ಒಂದೆರಡು ಹನಿ ಕೊಟ್ಟು, ಹತ್ತು ಸಲ ನಿಧಾನವಾಗಿ ಪಂಪ್ ಹೊಡೆದು ನೋಡಿ. ತಡೆ ಮರಳಿ ಬಂದರೆ ಸೀಲ್ ಒಣಗಿತ್ತು ಅಷ್ಟೆ.

ತಡೆ ಇದೆ, ಲಿವರ್ ಗಟ್ಟಿಯೇ ಇದೆ, ಆದರೂ ನಳಿಗೆಯಿಂದ ಬುಸ್ ಎಂದು ಗಾಳಿ ಹೋಗುತ್ತಿದೆಯೇ? ಪಿಸಿಪಿ ಬಗೆಯಾಗಿದ್ದು ಟ್ಯೂಬ್ ಪೂರ್ತಿ ಖಾಲಿಯಾಗಿದ್ದರೆ, ಕಾಕ್ ಮಾಡಿ, ಸೇಫ್ಟಿ ಹಾಕಿ, ಪೆಲೆಟ್ ಇಲ್ಲದೆ ತುಂಬಿಸಿ ನೋಡಿ. ಈಡು ಹೊಡೆಯುವಾಗ ವಾಲ್ವಿಗೆ ಬಡಿದು ಗಾಳಿ ಬಿಡಿಸುವುದು ಹ್ಯಾಮರ್. ಒಳಗೆ ಒತ್ತಡ ಇಲ್ಲದಾಗ ಅದರ ಸ್ಪ್ರಿಂಗು ವಾಲ್ವನ್ನು ಕೊಂಚ ತೆರೆದೇ ಇಟ್ಟಿರುತ್ತದೆ. ಕಾಕ್ ಮಾಡುವುದೆಂದರೆ ಹ್ಯಾಮರನ್ನು ಹಿಂದಕ್ಕೆ ಎಳೆದಿಡುವುದು, ಆಗ ವಾಲ್ವ್ ಕೂರುತ್ತದೆ. ಇದಿಷ್ಟು ಗೊತ್ತಿಲ್ಲದೆ ರಿಪೇರಿಗೆ ಹೋದ ರೈಫಲ್‌ಗಳನ್ನು ನಾನೇ ಹಲವು ಕಂಡಿದ್ದೇನೆ.

ತುಂಬುತ್ತದೆ, ನಿಲ್ಲುವುದಿಲ್ಲ

ತುಂಬಿಸಿ, ಒಂದು ಗಂಟೆ ತಣಿಯಲು ಬಿಟ್ಟು, ಆಗ ಗೇಜ್ ನೋಡಿ ಬರೆದಿಡಿ. ಮರುದಿನ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ಮತ್ತೆ ನೋಡಿ. ಈಗಲೂ ಇಳಿದಿದ್ದರೆ ಸೋರಿಕೆ ನಿಜ.

ಮೊದಲ ಅನುಮಾನ ಹೊಡೆಯುವ ವಾಲ್ವಿನ ಮೇಲೆ. ಪೆಲೆಟ್ ಇಲ್ಲ ಎಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, ಕಾಕ್ ಆಗಿಲ್ಲದ ಸ್ಥಿತಿಯಲ್ಲಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಹಾಕಿ, ನಳಿಗೆಯ ತುದಿಗೆ ಮಕ್ಕಳ ಬಲೂನೊಂದರ ಬಾಯಿ ಸಿಕ್ಕಿಸಿ ಬಿಡಿ. ಗಂಟೆಯಲ್ಲಿ ಬಲೂನ್ ಎದ್ದು ನಿಂತಿದ್ದರೆ ಗಾಳಿ ಆ ವಾಲ್ವಿನಿಂದಲೇ ಬರುತ್ತಿದೆ. ಬಹಳ ಸಲ ಸೀಟಿನ (ವಾಲ್ವ್ ಕೂರುವ ಜಾಗದ) ಮೇಲೆ ಕೂತ ಒಂದು ಕಣ ಕಸವೇ ಕಾರಣ. ಮಿತಿಯೊಳಗೆ ಗಾಳಿ ತುಂಬಿಸಿ, ಪೆಲೆಟ್ ಹಾಕಿ, ಗುರಿಹಲಗೆಗೆ ಐದಾರು ಈಡು ಬೇಗಬೇಗ ಹೊಡೆದರೆ ಗಾಳಿಯ ರಭಸಕ್ಕೆ ಕಸ ಹಾರಿಹೋಗುವುದುಂಟು. ಹೋಗದಿದ್ದರೆ ಮಾತ್ರ ವಾಲ್ವ್ ಬಿಚ್ಚುವ ಮಾತು.

ಬಲೂನ್ ಸುಮ್ಮನೆ ಬಿದ್ದಿದ್ದರೆ ಪಂಪಿನ ಕಡೆ ನೋಡಿ. ಟ್ಯೂಬಿಗೆ ಹೋದ ಗಾಳಿ ಪಂಪಿಗೆ ಮರಳದಂತೆ ತಡೆಯುವ ಚೆಕ್ ವಾಲ್ವ್ ಒಂದಿರುತ್ತದೆ. ಅದು ಸೋರಿದರೆ ಮುಚ್ಚಿಟ್ಟ ಲಿವರ್ ಹತ್ತಿಪ್ಪತ್ತು ನಿಮಿಷದಲ್ಲಿ ತಾನಾಗಿ ನಿಧಾನವಾಗಿ ಮೇಲೇಳುತ್ತದೆ, ಇಲ್ಲವೇ ಸ್ವಲ್ಪ ಎತ್ತಿದ ಕೂಡಲೇ ಕೈಯನ್ನು ತಳ್ಳುತ್ತದೆ. ಮಲ್ಟಿ ಪಂಪ್‌ನಲ್ಲಿ ಇದನ್ನೇ ಹೋಲುವ ಇನ್ನೊಂದು ಲಕ್ಷಣ ಇದೆ, ಕೊನೆಯ ಪಂಪ್ ಮುಚ್ಚಿದ ಕೂಡಲೇ ಲಿವರ್ ಸ್ಪ್ರಿಂಗಿನಂತೆ ಚೂರು ಹಿಂದೆ ಪುಟಿಯುವುದು. ಅದು ಸೋರಿಕೆಯಲ್ಲ. ಪಿಸ್ಟನ್ನಿನ ತಲೆಗೂ ವಾಲ್ವಿಗೂ ನಡುವೆ ಸಂದು ಹೆಚ್ಚಾಗಿ, ಅಲ್ಲಿ ಉಳಿದ ಗಾಳಿ ಒಳಗೆ ಹೋಗದೆ ತಿರುಗಿ ತಳ್ಳುತ್ತಿದೆ. ಆ ಸಂದಿನ ಬೆಲೆ ದೊಡ್ಡದು. ಪಂಪ್ ಒಮ್ಮೆಗೆ 30 ಸಿಸಿ ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಸಂದು 0.3 ಸಿಸಿ ಇದ್ದರೆ ಗಾಳಿಯನ್ನು ಸುಮಾರು ನೂರು ಪಟ್ಟು ಒತ್ತಬಹುದು, 0.6 ಸಿಸಿ ಆದರೆ ಐವತ್ತೇ ಪಟ್ಟು. ಲಿವರಿನ ಪಿನ್ ಸವೆದು ಸ್ಟ್ರೋಕ್ ಒಂದು ಕೂದಲಷ್ಟು ಕಡಿಮೆಯಾದರೂ ಸಾಕು, ರೈಫಲ್ ಸೊರಗುತ್ತದೆ. ಪಿಸ್ಟನ್ ತಲೆಯನ್ನು ಸರಿಹೊಂದಿಸುವ ಸ್ಕ್ರೂ ಇದ್ದರೆ ಅದನ್ನು, ಇಲ್ಲದಿದ್ದರೆ ಪಿನ್ನನ್ನು ಮೊದಲು ನೋಡಿ.

ಇನ್ನು ಕೊನೆಗೆ ಜೋಡಣೆಗಳು: ಗೇಜಿನ ಬುಡ, ತುಂಬಿಸುವ ಬಾಯಿ, ಟ್ಯೂಬಿನ ಮುಚ್ಚಳ. ಗ್ಯಾಸ್ ಸಿಲಿಂಡರಿಗೆ ಹಚ್ಚುವಂತೆ ಸೋಪಿನ ನೊರೆ ಹಚ್ಚಿ ಐದು ನಿಮಿಷ ಕಾಯಿರಿ. ಸೋರಿಕೆ ಅತಿ ಸಣ್ಣದಾದರೆ ಗುಳ್ಳೆ ಏಳಲು ಅಷ್ಟು ಹೊತ್ತು ಬೇಕು. ಟ್ರಿಗರ್ ಕಡೆಗೆ ನೀರು ಹರಿಯದಂತೆ ನೋಡಿಕೊಳ್ಳಿ. ಪಂಕ್ಚರ್ ಅಂಗಡಿಯ ಟ್ಯೂಬಿನಂತೆ ಇಡೀ ರೈಫಲನ್ನು ಬಕೆಟ್ಟಿಗೆ ಇಳಿಸುವವರಿದ್ದಾರೆ, ದಯವಿಟ್ಟು ಬೇಡ.

ಒಂದು ನೂಲಿನೆಳೆ

ನನ್ನದೇ ರೈಫಲ್ ಒಮ್ಮೆ ಇಡೀ ತಿಂಗಳು ಕಾಡಿತು. ರಾತ್ರಿಗೆ 30 ಬಾರ್ ಹೋಗುತ್ತಿತ್ತು. ಮುಚ್ಚಳದ ಓ ರಿಂಗ್ ಬದಲಿಸಿದೆ, ಗೇಜಿನದ್ದು ಬದಲಿಸಿದೆ, ಪಿಸ್ಟನ್ನಿನವೆರಡನ್ನೂ ಬದಲಿಸಿದೆ. ಲಿವರ್ ಮಾತ್ರ ಪ್ರತಿ ರಾತ್ರಿ ಒಂದು ಬೆರಳಷ್ಟು ಮೇಲೇಳುತ್ತಲೇ ಇತ್ತು. ಅದು ಚೆಕ್ ವಾಲ್ವಿನ ಗುರುತು ಎಂದು ಗೊತ್ತಿದ್ದೂ, ಅಲ್ಲಿಗೆ ತಲುಪಲು ಪಂಪನ್ನೇ ಇಳಿಸಬೇಕಲ್ಲ ಎಂದು ಸುಲಭದ ಜಾಗಗಳನ್ನೇ ಹುಡುಕುತ್ತಿದ್ದೆ. ಕೊನೆಗೆ ಗಾಳಿ ಖಾಲಿ ಮಾಡಿ, ಪಂಪ್ ಇಳಿಸಿ, ವಾಲ್ವನ್ನು ಬಿಳಿ ತಟ್ಟೆಯ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಸೀಟಿಗೆ ಅಡ್ಡಲಾಗಿ ಹತ್ತಿ ಬಟ್ಟೆಯ ಒಂದು ನೂಲಿನೆಳೆ. ಒಂದು ಅಂಗುಲದ ಕಾಲುಭಾಗವೂ ಇರಲಿಲ್ಲ. ರಬ್ಬರಿನ ಮೇಲೆ ಅದು ಕೂತ ಜಾಗದಲ್ಲಿ ಸಣ್ಣ ಗೆರೆ ಮೂಡಿತ್ತು. ಹಿಂದಿನ ಸಲ ಪಂಪ್ ಟ್ಯೂಬ್ ಒರೆಸಲು ಹಳೆಯ ಬನಿಯನ್ ತುಂಡು ಬಳಸಿದ್ದೆ, ಅದರಿಂದ ಬಂದದ್ದು. ಎಳೆ ತೆಗೆದು, ಆ ಒಂದು ಸೀಲ್ ತಿರುವಿ ಹಾಕಿದೆ. ಅಂದಿನಿಂದ ಲಿವರ್ ಎದ್ದಿಲ್ಲ.

ಆಮೇಲೆ ಒಳಭಾಗ ಒರೆಸಲು ನೂಲು ಬಿಡದ, ಕನ್ನಡಕ ಒರೆಸುವಂಥ ಬಟ್ಟೆಯನ್ನೇ ಬಳಸುತ್ತೇನೆ. ಓ ರಿಂಗ್ ಎಬ್ಬಿಸಲು ಸೂಜಿಯನ್ನಾಗಲಿ ಉಕ್ಕಿನ ಪಿನ್ನನ್ನಾಗಲಿ ಮುಟ್ಟುವುದಿಲ್ಲ. ಓ ರಿಂಗ್ ಕೂರುವ ತೋಡಿನಲ್ಲಿ ಬಿದ್ದ ಒಂದೇ ಗೀರು ಹೊಸ ಸೋರಿಕೆ ಆಗುತ್ತದೆ. ತೆಂಗಿನ ಹಿಡಿಸೂಡಿಯ ಕಡ್ಡಿಯನ್ನು ಓರೆಯಾಗಿ ಕೆತ್ತಿಕೊಂಡರೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಗಾಳಿ ನಿಂತಿದೆ, ಈಡು ಸೊರಗಿದೆ

ಗೇಜ್ ಅಲುಗುತ್ತಿಲ್ಲ, ಆದರೆ ಪೆಲೆಟ್ಟು ಗುರಿಹಲಗೆಯಲ್ಲಿ ಕೆಳಗೆ ಬೀಳುತ್ತಿದೆ. ನಳಿಗೆಯ ಹಿಂಬದಿ, ಬೋಲ್ಟ್ ಸೇರುವ ಜಾಗಕ್ಕೆ ಟಿಶ್ಯೂ ಕಾಗದದ ತುಂಡು ಇಟ್ಟು ಒಂದು ಈಡು ಹೊಡೆಯಿರಿ, ಮುಖ ದೂರ ಇರಲಿ. ಕಾಗದ ಹಾರಿದರೆ ಅಲ್ಲಿನ ಓ ರಿಂಗ್ ಮುಗಿದಿದೆ. ಬದಲಿಸಲು ಐದು ನಿಮಿಷ. ಹಾರದಿದ್ದರೆ ನಳಿಗೆಯೊಳಗೆ ಸೀಸ ಕಟ್ಟಿರಬಹುದು, ಹ್ಯಾಮರ್ ಸ್ಪ್ರಿಂಗ್ ಸೋತಿರಬಹುದು. ರೆಗ್ಯುಲೇಟರ್ (ಪ್ರತಿ ಈಡಿಗೂ ಒಂದೇ ಒತ್ತಡದ ಗಾಳಿ ಕೊಡುವ ಭಾಗ) ಇರುವ ರೈಫಲ್ ರಾತ್ರಿ ಇಟ್ಟ ಮೇಲೆ ಮೊದಲ ಈಡನ್ನು ಬೇರೆಯೇ ಜಾಗಕ್ಕೆ ಹೊಡೆದು, ಎರಡನೆಯದರಿಂದ ಸರಿಹೋದರೆ, ರೆಗ್ಯುಲೇಟರ್ ಒಳಗೇ ಗಾಳಿ ನುಸುಳಿ ಒತ್ತಡ ಏರುತ್ತಿದೆ. ಅದು ಮನೆಯಲ್ಲಿ ಬಿಚ್ಚುವ ಭಾಗ ಅಲ್ಲ.

ಮಲ್ಟಿ ಪಂಪ್‌ನಲ್ಲಿ ಟ್ರಿಗರ್ ಒತ್ತಿದರೆ ಬರೀ 'ಟಕ್' ಅಂದು ಗಾಳಿ ಬರಲೇ ಇಲ್ಲ ಎಂದಾದರೆ ಮಿತಿ ಮೀರಿ ಪಂಪ್ ಹೊಡೆದಿದ್ದೀರಿ. ಒಳಗಿನ ಒತ್ತಡ ಎಷ್ಟಿದೆಯೆಂದರೆ ಹ್ಯಾಮರಿನ ಪೆಟ್ಟಿಗೆ ವಾಲ್ವ್ ತೆರೆಯುತ್ತಿಲ್ಲ. ಇನ್ನೂ ಪಂಪ್ ಹೊಡೆಯಬೇಡಿ, ಬಿಚ್ಚಲಂತೂ ಬೇಡಿ. ಸುರಕ್ಷಿತ ದಿಕ್ಕಿಗೆ ಹಿಡಿದು ಮತ್ತೆ ಮತ್ತೆ ಕಾಕ್ ಮಾಡಿ ಹೊಡೆಯಿರಿ. ಆಗಲೂ ಬಿಡದಿದ್ದರೆ ಒಳಗೆ ಗಾಳಿ ಇದೆ ಎಂದು ಹೇಳಿಯೇ ಕೆಲಸ ಬಲ್ಲವರಿಗೆ ಕೊಡಿ.

ಮಳೆಗಾಲದ ನೀರು

ಕರಾವಳಿ, ಮಲೆನಾಡಿನವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. 200 ಸಿಸಿ ಟ್ಯೂಬಿಗೆ 200 ಬಾರ್ ತುಂಬಿಸಲು ಹೊರಗಿನ 40 ಲೀಟರ್ ಗಾಳಿ ಬೇಕು. 30 ಡಿಗ್ರಿ ಬಿಸಿಲು, ಶೇ. 80ರ ತೇವ ಇರುವ ದಿನ ಆ 40 ಲೀಟರಿನಲ್ಲಿ ಸುಮಾರು ಒಂದು ಗ್ರಾಂ ನೀರಿರುತ್ತದೆ. 200 ಸಿಸಿ ಜಾಗದಲ್ಲಿ ಆವಿಯಾಗಿ ಉಳಿಯಬಲ್ಲದ್ದು ಅದರ ಒಂದು ಚೂರು ಮಾತ್ರ. ಮಿಕ್ಕದ್ದೆಲ್ಲ ಪಂಪಿನಲ್ಲೋ ಟ್ಯೂಬಿನಲ್ಲೋ ಹನಿಯಾಗಿ ನಿಲ್ಲುತ್ತದೆ. ವಾಲ್ವಿನ ಉಕ್ಕಿಗೆ ತುಕ್ಕು ಹಿಡಿಯುವುದು, ಆ ತುಕ್ಕಿನ ಪುಡಿಯೇ ಸೀಟಿನ ಮೇಲೆ ಕೂತು ಸೋರುವುದು ಹೀಗೆ. ಮಳೆ ಜೋರಿರುವ ದಿನ ವರಾಂಡದಲ್ಲಿ ಪಂಪ್ ಹೊಡೆಯುವ ಬದಲು ಎಸಿ ಇರುವ ಕೋಣೆ ಸಿಕ್ಕರೆ ಅಲ್ಲಿ ಹೊಡೆಯಿರಿ. ಲಿವರನ್ನು ಪೂರ್ತಿ ತೆರೆದು, ಒಂದು ಉಸಿರು ಕಾದು, ಪೂರ್ತಿ ಮುಚ್ಚಿ. ಐವತ್ತು ಸಲ ಆದಮೇಲೆ ಪಂಪ್ ಟ್ಯೂಬ್ ಕೈಗೆ ಬಿಸಿ ತಾಗದಷ್ಟು ತಣಿಯಲು ಬಿಡಿ. ಅವಸರದ ಪಂಪಿನ ಬಿಸಿಗೆ ಸುಟ್ಟ ಸೀಲುಗಳೇ ಸವೆದವುಗಳಿಗಿಂತ ಹೆಚ್ಚು ನನ್ನ ಕೈಗೆ ಬಂದಿವೆ.

ಎಣ್ಣೆಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಪಿಸಿಪಿ ಬಗೆಗೆ ಸಿಲಿಕೋನ್ ಗ್ರೀಸ್, ಅದೂ ಓ ರಿಂಗ್ ಹೊಳೆಯುವಷ್ಟು ಮಾತ್ರ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಹೋಗಲೇಬಾರದು. ಹೆಚ್ಚಿನ ಒತ್ತಡದ ಬಿಸಿ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆಯ ಮಂಜು ಹೊತ್ತಿಕೊಳ್ಳಬಹುದು, ಡೀಸೆಲ್ ಎಂಜಿನ್ ಓಡುವುದೇ ಆ ತತ್ವದ ಮೇಲೆ. ತೆಂಗಿನೆಣ್ಣೆಯೂ ಬೇಡ, ಚಳಿಗೆ ಹೆಪ್ಪುಗಟ್ಟಿ ಆಮೇಲೆ ಅಂಟಾಗುತ್ತದೆ. ಮಲ್ಟಿ ಪಂಪ್‌ನ ಪಿಸ್ಟನ್ನಿಗೆ ಮಾತ್ರ ತಯಾರಕರು ಹೇಳಿದ ಎಣ್ಣೆಯ ಒಂದೆರಡು ಹನಿ ಸಲ್ಲುತ್ತದೆ.

ಓ ರಿಂಗ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಯ, ಅಥವಾ ನಿಮ್ಮೂರ ಹೈಡ್ರಾಲಿಕ್ ಸೀಲ್ ಅಂಗಡಿಯಲ್ಲಿ ಕೇಳಬಹುದು. ಹಳೆಯದನ್ನು ಕೈಯಲ್ಲಿ ಹಿಡಿದು 'ಇಂಥದ್ದೇ ಕೊಡಿ' ಅನ್ನಬೇಡಿ, ಹಳೆಯದು ಉಬ್ಬಿಯೋ ಚಪ್ಪಟೆಯಾಗಿಯೋ ಇರುತ್ತದೆ. ಒಳಸುತ್ತು ಮತ್ತು ದಪ್ಪ, ಎರಡನ್ನೂ ರೈಫಲಿನ ಭಾಗಗಳ ಪಟ್ಟಿಯಿಂದ ಬರೆದುಕೊಂಡು ಹೋಗಿ. ಹೆಚ್ಚಿನ ಒತ್ತಡದ ಜಾಗಕ್ಕೆ 90ರ ಗಡಸುತನದ ನೈಟ್ರೈಲ್ ರಬ್ಬರ್ ಎಂದು ಸ್ಪಷ್ಟವಾಗಿ ಕೇಳಿ. ಮಾಮೂಲಿ 70ರದ್ದನ್ನು ಹಾಕಿದರೆ ಒತ್ತಡಕ್ಕೆ ಸಂದಿಗೆ ನುಗ್ಗಿ ಹರಿಯುತ್ತದೆ.

ಕೊಳ್ಳುವುದಿದ್ದರೆ

10 ಮೀಟರ್ ಅಭ್ಯಾಸಕ್ಕೆ ಒಳ್ಳೆಯ ಸ್ಥಿತಿಯ ಹಳೆಯ ಸಿಂಗಲ್ ಸ್ಟ್ರೋಕ್ ಸಿಕ್ಕರೆ ಬಿಡಬೇಡಿ. 0.53 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ 175 ಮೀಟರಿನಲ್ಲಿ ಕಳಿಸಿದರೆ ಬರುವುದು 8 ಜೌಲ್, ಕಾಗದದ ಗುರಿಗೆ ಧಾರಾಳ ಸಾಕು. ಪ್ರತಿ ಈಡಿಗೂ ಒಂದೇ ಒತ್ತಡ, ತುಂಬಿಸುವ ಸಿಲಿಂಡರಿನ ಗೋಳಿಲ್ಲ. ಭಾರತದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ 20 ಜೌಲ್ ಮೀರಿದ, ಅಥವಾ 4.5 ಮಿಲಿಮೀಟರಿಗಿಂತ ದೊಡ್ಡ ನಳಿಗೆಯ ಏರ್ ರೈಫಲ್‌ಗೆ ಪರವಾನಗಿ ಬೇಕು. ವಿದೇಶದ ಮಾದರಿಗಳ ವಿವರ ಓದಿ ಆಸೆಪಡುವವರು ಇದನ್ನು ಮೊದಲು ತಿಳಿದಿರಲಿ. ಹಿತ್ತಲಿನ ಹಕ್ಕಿ ಹೊಡೆಯಲು ಎಂದು ಕೇಳಿಕೊಂಡು ಬಂದವರಿಗೆ ನಾನು ಸಲಹೆ ಕೊಡುವುದಿಲ್ಲ.

ಹಳೆಯದನ್ನು ನೋಡಲು ಹೋದಾಗ ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಲಿವರನ್ನು ಪಕ್ಕಕ್ಕೆ ಅಲ್ಲಾಡಿಸಿ ಪಿನ್ ಎಷ್ಟು ಸವೆದಿದೆ ನೋಡಿ. ಸಿಂಗಲ್ ಸ್ಟ್ರೋಕ್ ಆದರೆ ಗಾಳಿ ತುಂಬಿಸಿ ಕೂಡಲೇ ಒಂದು ಈಡು, ತುಂಬಿಸಿ ಎರಡು ನಿಮಿಷ ಬಿಟ್ಟು ಇನ್ನೊಂದು ಈಡು ಹೊಡೆಯಿರಿ, ಎರಡೂ ಒಂದೇ ಜಾಗಕ್ಕೆ ಬೀಳಬೇಕು. ಪಿಸಿಪಿ ಆದರೆ ತುಂಬಿಸಿ, ತಣಿಸಿ, ಗೇಜಿನ ಫೋಟೊ ತೆಗೆದು, ಊಟ ಮುಗಿಸಿ ಬಂದು ಮತ್ತೆ ನೋಡಿ. ಟ್ಯೂಬನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ಬೆರಳಾಡಿಸಿ. ಸೀಲ್, ಸ್ಪ್ರಿಂಗ್, ಪಿನ್ ಎಲ್ಲವನ್ನೂ ಬದಲಿಸಬಹುದು. ಟ್ಯೂಬಿನಲ್ಲಿ ತುಕ್ಕಿನ ಗುಳಿ, ಉಬ್ಬು, ಯಾರೋ ವೈಸಿನಲ್ಲಿ ಬಿಗಿದ ಹಲ್ಲಿನ ಗುರುತು ಕಂಡರೆ ಅಲ್ಲೇ ಇಟ್ಟು ಬನ್ನಿ, ಬೆಲೆ ಎಷ್ಟೇ ಇಳಿಸಿದರೂ.